ಸಂಜೆ ಏಳರ ಬಿಸಿನೆಸ್ ಕ್ಲಾಸು

ವ್ಯಾಪಾರ ಯಾರೋ ಹೇಳಿಕೊಟ್ಟು ಬರುವ ವಿದ್ಯೆಯಲ್ಲ, ಗಲ್ಲಾದ ಮುಂದೆ ಕೂತೇ ಬರಬೇಕು ಎನ್ನುತ್ತಾರೆ ನಮ್ಮ ಕಡೆ ಅಂಗಡಿ ನಡೆಸುವ ಹಿರಿಯರು. ಮ್ಯಾನೇಜ್‌ಮೆಂಟ್ ಎಂದರೆ ಐಐಎಂ, ಅದಕ್ಕೆ ಕ್ಯಾಟ್ ಪರೀಕ್ಷೆ ಪಾಸಾಗಬೇಕು, ಉಳಿದವರಿಗೆ ಅದು ಎಟುಕುವುದಲ್ಲ ಎನ್ನುತ್ತಾರೆ ಓದಿದವರು. ಈ ಎರಡು ಮಾತುಗಳ ನಡುವೆ ಸಾಕಷ್ಟು ಜಾಗವಿದೆ. ಆ ಜಾಗದಲ್ಲಿ ಎಷ್ಟು ಜನ ಕೂತು ಕಲಿಯಬಹುದು ಎಂದು ನನಗೆ ಮನವರಿಕೆಯಾದದ್ದು ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ, ಸಂಜೆ ಏಳಕ್ಕೆ ಶುರುವಾಗುವ ಬಿಸಿನೆಸ್ ತರಗತಿಯಲ್ಲಿ.

ಅಲ್ಲಿ ಪಕ್ಕದ ಬೆಂಚಿನವರನ್ನು ಮಾತಾಡಿಸುವುದೇ ಅರ್ಧ ಪಾಠ. ಒಬ್ಬರು ಸೂಪರ್ ಮಾರ್ಕೆಟ್ಟಿನಲ್ಲಿ ಪಾಳಿಯ ಉಸ್ತುವಾರಿ ನೋಡಿಕೊಳ್ಳುವ ಮಹಿಳೆ, ಯೂನಿಫಾರಂ ಬದಲಾಯಿಸಲೂ ಪುರುಸೊತ್ತಿಲ್ಲದೆ ಬಂದಿರುತ್ತಾರೆ. ಇನ್ನೊಬ್ಬರು ಮೆಕ್ಸಿಕೋ ಮೂಲದವರು, ಸ್ವಂತ ಟಾಕೋ ತಿಂಡಿಯ ಟ್ರಕ್ ಇಡುವ ಆಸೆ. ಹೈಸ್ಕೂಲು ಮುಗಿಸಿ ಈಗಷ್ಟೇ ಬಂದ ಹುಡುಗರು ಹಿಂದಿನ ಸಾಲಿನಲ್ಲಿ. ಹದಿನೆಂಟರವರೂ ಐವತ್ತರವರೂ ಒಂದೇ ಪುಸ್ತಕ ತೆರೆದು ಕೂರುತ್ತಾರೆ, ಒಬ್ಬರಿಗೊಬ್ಬರು ಲೆಕ್ಕ ಹೇಳಿಕೊಡುತ್ತಾರೆ. ಸೇರುವುದಕ್ಕೆ ಪ್ರವೇಶ ಪರೀಕ್ಷೆಯಿಲ್ಲ, ಶಿಫಾರಸು ಪತ್ರ ಬೇಕಿಲ್ಲ. ಕಲಿಯಬೇಕು ಎಂದು ಬಂದವರಿಗೆ ಕಾಲೇಜು ಜಾಗ ಕೊಡುತ್ತದೆ.

ಈ ಪದ್ಧತಿಗೆ ನೂರಿಪ್ಪತ್ತು ವರ್ಷ ದಾಟಿದೆ. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಿನಲ್ಲಿ ಹೈಸ್ಕೂಲಿನ ಮುಖ್ಯಸ್ಥರಾಗಿದ್ದ ಜೆ. ಸ್ಟಾನ್ಲಿ ಬ್ರೌನ್ ಅವರೂ ಶಿಕಾಗೋ ವಿಶ್ವವಿದ್ಯಾಲಯದ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್ ಅವರೂ ಸೇರಿ ಒಂದು ಏರ್ಪಾಡು ಮಾಡಿದರು. ಕಾಲೇಜಿನ ಮೊದಲ ಎರಡು ವರ್ಷವನ್ನು ಮಕ್ಕಳು ಮನೆಯಲ್ಲೇ ಇದ್ದು, ಸ್ವಂತ ಊರಿನಲ್ಲೇ ಓದಲಿ ಎಂಬುದು ಅವರ ಆಲೋಚನೆ. ಮೊದಲ ತಂಡದಲ್ಲಿ ಇದ್ದದ್ದು ಆರೇ ವಿದ್ಯಾರ್ಥಿಗಳು. ಹಾರ್ವರ್ಡಿನ ಪ್ರಸಿದ್ಧ ಬಿಸಿನೆಸ್ ಸ್ಕೂಲು ಶುರುವಾದದ್ದು ಅದಾದ ಏಳು ವರ್ಷಕ್ಕೆ, 1908ರಲ್ಲಿ. ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ 1944ರ ಜಿ.ಐ. ಬಿಲ್ ಎಂಬ ಕಾನೂನು ಓದಿನ ಖರ್ಚು ಕೊಟ್ಟಿತು. 1947ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಆಯೋಗ ಜೋಲಿಯೆಟ್‌ನಂಥ ಕಾಲೇಜುಗಳು ದೇಶದ ತುಂಬ ಬೇಕು ಎಂದು ವರದಿ ಕೊಟ್ಟಿತು. ಇವತ್ತು ಕ್ಯಾಲಿಫೋರ್ನಿಯಾ ಒಂದರಲ್ಲೇ 116 ಇವೆ.

ಅಲ್ಲಿ ಕಲಿಸುವುದೇನು? ಲೆಕ್ಕಪತ್ರ, ಅರ್ಥಶಾಸ್ತ್ರ, ವ್ಯವಹಾರದ ಕಾನೂನು, ಮಾರ್ಕೆಟಿಂಗ್, ಪತ್ರ ಬರೆಯುವ ರೀತಿ, ಜನರಿಂದ ಕೆಲಸ ತೆಗೆಸುವ ಬಗೆ. ಕೇಳುವುದಕ್ಕೆ ಒಣ ಪಟ್ಟಿ. ಆದರೆ ಟಾಕೋ ಟ್ರಕ್ಕಿನ ಉದಾಹರಣೆ ಬೋರ್ಡಿನ ಮೇಲೆ ಬಂದಾಗ ನೋಡಬೇಕು. ತಿಂಗಳಿಗೆ ಬಾಡಿಗೆ, ವಿಮೆ, ಲೈಸೆನ್ಸು ಎಲ್ಲ ಸೇರಿ 3,000 ಡಾಲರ್ ಎಂದಿಟ್ಟುಕೊಳ್ಳಿ. ಒಂದು ಪ್ಲೇಟಿಗೆ ಬೆಲೆ 10 ಡಾಲರ್, ಅದರ ಸಾಮಾನಿಗೆ 6. ಉಳಿಯುವುದು 4. ಹಾಗಾದರೆ ಎಷ್ಟು ಪ್ಲೇಟ್ ಮಾರಿದರೆ ಅಸಲು ಹುಟ್ಟುತ್ತದೆ? 750. ಅಲ್ಲಿಯವರೆಗೆ ದುಡಿದದ್ದೆಲ್ಲ ಟ್ರಕ್ಕಿಗೆ, ಆಮೇಲಿನದು ಮನೆಗೆ. ವರ್ಷಗಟ್ಟಲೆ ಬೇರೆಯವರ ಅಡುಗೆಮನೆಯಲ್ಲಿ ದುಡಿದ ಮನುಷ್ಯ ಈ ಸಂಖ್ಯೆಯನ್ನು ತನ್ನ ನೋಟ್‌ಬುಕ್ಕಿನಲ್ಲಿ ಬರೆದು ಅಡಿಗೆರೆ ಎಳೆಯುವಾಗ, ಭಾಗಾಕಾರಕ್ಕೆ ಇಷ್ಟು ಬೆಲೆಯಿದೆಯೇ ಅನ್ನಿಸುತ್ತದೆ. ಲಾಭ ಬೇರೆ, ಕೈಯಲ್ಲಿರುವ ನಗದು ಬೇರೆ ಎನ್ನುವುದು ಮುಂದಿನ ಪಾಠ. ಮದುವೆಯ ಊಟಕ್ಕೆ ಆರ್ಡರ್ ಹಿಡಿದವರ ಪುಸ್ತಕದಲ್ಲಿ ಲಾಭ ಕಾಣುತ್ತಿರುತ್ತದೆ, ಬಾಕಿ ಹಣ ಎರಡು ತಿಂಗಳಾದರೂ ಬಂದಿರುವುದಿಲ್ಲ, ಸಂಬಳ ಮಾತ್ರ ಶುಕ್ರವಾರವೇ ಕೊಡಬೇಕು. ಚೆನ್ನಾಗಿ ನಡೆಯುತ್ತಿದ್ದ ಅಂಗಡಿಗಳು ಬಾಗಿಲು ಹಾಕುವುದು ಎಷ್ಟೋ ಸಲ ಇಂಥ ಕಡೆಯಲ್ಲೇ.

ಲಾಭದ ಮಾತಿಗೆ ಕಾಸ್ಟ್‌ಕೊ ಎಂಬ ಅಂಗಡಿಗಳ ಸರಣಿ ನೆನಪಾಯಿತು. ಅಮೆರಿಕದ ಕನ್ನಡಿಗರಲ್ಲಿ ಅಕ್ಕಿ ಮೂಟೆಗೆ, ತುಪ್ಪ ಕಾಯಿಸುವ ಬೆಣ್ಣೆಗೆ ಅಲ್ಲಿಗೆ ಹೋಗದವರು ಕಡಿಮೆ. ಅದನ್ನು 1983ರಲ್ಲಿ ಸಿಯಾಟಲ್‌ನಲ್ಲಿ ಜೊತೆಗಾರ ಜೆಫ್ ಬ್ರಾಟ್‌ಮನ್ ಅವರೊಂದಿಗೆ ಶುರು ಮಾಡಿದ ಜಿಮ್ ಸಿನೆಗಲ್ ಓದಿದ್ದು ಸ್ಯಾನ್ ಡಿಯಾಗೋ ಸಿಟಿ ಕಾಲೇಜು ಎಂಬ ಕಮ್ಯುನಿಟಿ ಕಾಲೇಜಿನಲ್ಲಿ. ಓದುತ್ತಿದ್ದಾಗಲೇ ಫೆಡ್‌ಮಾರ್ಟ್ ಎಂಬ ಅಂಗಡಿಯಲ್ಲಿ ಹಾಸಿಗೆಗಳನ್ನು ಇಳಿಸುವ ಕೆಲಸಕ್ಕೆ ಸೇರಿದರು, ಅಲ್ಲೇ ಮೇಲೇರಿದರು. ಮಾಲಿನ ಮೇಲೆ ಶೇಕಡಾ 14–15ಕ್ಕಿಂತ ಹೆಚ್ಚು ಏರಿಸಬಾರದು, ಲಾಭದ ಬಹುಪಾಲು ಸದಸ್ಯತ್ವದ ಶುಲ್ಕದಿಂದ ಬರಲಿ ಎಂಬುದು ಆ ಕಂಪನಿಯ ನಿಯಮ. ಹಾಟ್ ಡಾಗ್ ಮತ್ತು ಸೋಡಾದ ಬೆಲೆಯನ್ನು 1980ರ ದಶಕದಿಂದ ಒಂದೂವರೆ ಡಾಲರಿಗೇ ನಿಲ್ಲಿಸಿದ್ದಾರೆ. ಹಗಲು ಸರಕು ಇಳಿಸಿದವರಿಗೆ ಸರಕಿನ ಬೆಲೆ ಎಲ್ಲಿ ಏರುತ್ತದೆ, ಏಕೆ ಏರುತ್ತದೆ ಎಂದು ಬೆನ್ನಿಗೇ ಗೊತ್ತಿರುತ್ತದೆ. ತರಗತಿ ಆ ತಿಳಿವಳಿಕೆಗೆ ಲೆಕ್ಕ ಕೂಡಿಸುತ್ತದೆ.

ಖರ್ಚಿನ ವಿಷಯ ಹೇಳಲೇಬೇಕು. ಪಾಠಗಳನ್ನು ಯೂನಿಟ್ ಎಂಬ ಅಳತೆಯಲ್ಲಿ ಎಣಿಸುತ್ತಾರೆ, ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದವರಿಗೆ ಒಂದು ಯೂನಿಟ್ಟಿಗೆ 46 ಡಾಲರ್. ಎರಡು ವರ್ಷದ ಅಸೋಸಿಯೇಟ್ ಡಿಗ್ರಿಗೆ 60 ಯೂನಿಟ್, ಅಂದರೆ 2,760 ಡಾಲರ್. ಬಡವರಿಗೆ ಅದೂ ಮನ್ನಾ ಆಗುವುದುಂಟು. 2010ರ ಒಂದು ಕಾನೂನಿನ ಪ್ರಕಾರ, ವರ್ಗಾವಣೆಗೆಂದೇ ರೂಪಿಸಿದ ಡಿಗ್ರಿ ಮುಗಿಸಿದವರಿಗೆ ರಾಜ್ಯದ ಕ್ಯಾಲ್ ಸ್ಟೇಟ್ ವಿಶ್ವವಿದ್ಯಾಲಯಗಳಲ್ಲಿ ಮೂರನೆಯ ವರ್ಷಕ್ಕೆ ಸೀಟು ಸಿಗುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ನೇರ ಕೆಲಸಕ್ಕೆ ತಯಾರು ಮಾಡುವ ಮ್ಯಾನೇಜ್‌ಮೆಂಟ್ ಡಿಗ್ರಿ ಬೇರೆ, ಮುಂದೆ ಓದುವವರ ಬಿಸಿನೆಸ್ ಅಡ್ಮಿನಿಸ್ಟ್ರೇಷನ್ ಡಿಗ್ರಿ ಬೇರೆ. ಇದನ್ನು ಮೊದಲ ಸೆಮಿಸ್ಟರಿನಲ್ಲೇ ಕೌನ್ಸೆಲರ್ ಹತ್ತಿರ ಕೇಳಿ ತಿಳಿಯದಿದ್ದರೆ ಓದಿದ ಯೂನಿಟ್ಟುಗಳು ಮುಂದೆ ಲೆಕ್ಕಕ್ಕೆ ಬಾರದೆ ಹೋಗಬಹುದು.

ಎಚ್-4 ವೀಸಾದಲ್ಲಿ ಗಂಡನ ಜೊತೆ ಬಂದ ನಮ್ಮ ಹೆಣ್ಣುಮಕ್ಕಳಿಗೆ ಓದಲು ಅಡ್ಡಿಯಿಲ್ಲ, ಕೆಲಸಕ್ಕೆ ಮಾತ್ರ ಬೇರೆ ಅನುಮತಿ ಬೇಕು. 2015ರಿಂದ ಅದೂ ಕೆಲವರಿಗೆ ಸಿಗುತ್ತಿದೆ. ಹಾಸನದ ಕಡೆಯ ಒಬ್ಬ ತಾಯಿ ಮಗುವನ್ನು ಮಲಗಿಸಿ ರಾತ್ರಿ ಅಕೌಂಟಿಂಗ್ ಲೆಕ್ಕ ಬಿಡಿಸುತ್ತಿದ್ದರು. "ಅಣ್ಣಾ, ಬಿ.ಎಸ್ಸಿ. ಓದಿ ಎಂಟು ವರ್ಷ ಆಯ್ತು, ಪೆನ್ನು ಹಿಡಿದ ಮೇಲೆ ನಾನು ನಾನೇ ಅನ್ನಿಸ್ತು" ಅಂದರು. ಓದಿನಿಂದ ಬರುವ ಸಂಬಳಕ್ಕಿಂತ ಮೊದಲು ಬರುವುದು ಈ ಧೈರ್ಯ.

ಸೇರಿದವರೆಲ್ಲ ಮುಗಿಸುವುದಿಲ್ಲ ಎನ್ನುವುದೂ ನಿಜ. ಪಾಳಿ ಬದಲಾಗುತ್ತದೆ, ಕಾರು ಕೆಡುತ್ತದೆ, ಮನೆಯಲ್ಲಿ ಕಾಯಿಲೆ ಬರುತ್ತದೆ. ಶುಲ್ಕಕ್ಕಿಂತ ಪುಸ್ತಕದ ಬೆಲೆಯೇ ಭಾರವಾದ ಕಾಲವೂ ಇತ್ತು. ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ ಇಂಟರ್‌ನೆಟ್ಟಿನಲ್ಲಿ ಉಚಿತವಾಗಿ ಕೊಡುವ ಬಿಸಿನೆಸ್ ಪಠ್ಯಪುಸ್ತಕಗಳು ಆ ಹೊರೆಯನ್ನು ಕೊಂಚ ಇಳಿಸಿವೆ. ನಡುವೆ ಬಿಟ್ಟವರಿಗೂ ಕಾಲೇಜಿನ ಬಾಗಿಲು ತೆರೆದೇ ಇರುತ್ತದೆ. ಐದು ವರ್ಷ ಬಿಟ್ಟು ಬಂದವರನ್ನು ಯಾರೂ ಏಕೆ ಬಂದಿರಿ ಎಂದು ಕೇಳುವುದಿಲ್ಲ.

ದೊಡ್ಡ ಬಂಡವಾಳದವರು ಒಂದು ವರ್ಷ ತಪ್ಪು ಲೆಕ್ಕ ಹಾಕಿದರೂ ತಡೆದುಕೊಳ್ಳುತ್ತಾರೆ. ಸಾಲ ತಂದು ಟ್ರಕ್ ಇಟ್ಟವರನ್ನು ಮೂರು ತಿಂಗಳ ತಪ್ಪೇ ಮುಳುಗಿಸಿಬಿಡುತ್ತದೆ. ಹಾಗಾಗಿ ಮ್ಯಾನೇಜ್‌ಮೆಂಟ್ ವಿದ್ಯೆ ಮೊದಲು ತಲುಪಬೇಕಾದದ್ದು ಇವರಿಗೇ. ಸಂಜೆಯ ಓದು ನಮಗೂ ಹೊಸತಲ್ಲ, ಹಗಲು ಕಾರ್ಖಾನೆಯಲ್ಲಿ, ಬ್ಯಾಂಕಿನಲ್ಲಿ ದುಡಿದು ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡಿದ ತಲೆಮಾರನ್ನು ಬೆಂಗಳೂರು ಕಂಡಿದೆ. ನಮ್ಮ ತಾಲ್ಲೂಕುಗಳಲ್ಲೂ ಕಾಲೇಜು ಕಟ್ಟಡಗಳಿವೆ, ಬೋರ್ಡುಗಳಿವೆ, ಲೆಕ್ಕ ಕಲಿಸಬಲ್ಲ ಮೇಷ್ಟ್ರುಗಳಿದ್ದಾರೆ. ದರ್ಶಿನಿ ನಡೆಸುವವರು, ಹೊಲಿಗೆ ಅಂಗಡಿ ಇಟ್ಟವರು, ಹಾಲಿನ ಸೊಸೈಟಿಯ ಕಾರ್ಯದರ್ಶಿಗಳು ಅಲ್ಲಿ ಸಂಜೆ ಕೂತು ಅಸಲು, ಬಾಕಿ, ನಗದಿನ ಲೆಕ್ಕವನ್ನು ಕನ್ನಡದಲ್ಲೇ ಕಲಿಯಬೇಕು. ಅದಕ್ಕೆ ಪ್ರವೇಶ ಪರೀಕ್ಷೆ ಇಡಬಾರದು, ವಯಸ್ಸು ಕೇಳಬಾರದು.