ಗಂಗಾನಗರದಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ?

ನಮ್ಮ ಮನೆ ಇರೋದು ಗಂಗಾನಗರದಲ್ಲಿ. ಬಳ್ಳಾರಿ ರಸ್ತೆಗೆ ಬಂದು ನಿಂತರೆ ವಾಯುವಜ್ರ ಬಸ್ಸುಗಳು ಒಂದರ ಹಿಂದೆ ಒಂದು ಹೋಗುತ್ತಿರುತ್ತವೆ. 2008ರಲ್ಲಿ ವಿಮಾನ ನಿಲ್ದಾಣ ದೇವನಹಳ್ಳಿ ಕಡೆಗೆ ಹೋದಾಗ ಅಪ್ಪನಿಗೆ ಖುಷಿಯೋ ಖುಷಿ. "ಇನ್ನು ಅಮೆರಿಕಾ ನಮ್ಮ ರೋಡಲ್ಲೇ ಇದೆ ಬಿಡು" ಅಂದಿದ್ರು. ಆಮೇಲೆ ಅಣ್ಣ ಅದೇ ರೋಡಲ್ಲಿ ಹೋಗಿ ಸ್ಯಾನ್ ಹೋಸೆ ಸೇರಿದ.

ಕಳೆದ ವರ್ಷ ಒಂದು ರಾತ್ರಿ ಅಪ್ಪನಿಗೆ ಸ್ಟ್ರೋಕ್ ಆಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಅವನು ಬರೋದಕ್ಕೆ ಎಷ್ಟು ಹೊತ್ತಾಗತ್ತೆ?"

ನಾನು ಮೊಬೈಲ್ ತೆಗೆದು ನೋಡಿದೆ. ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ನಡುವೆ ಹತ್ತಿರದ ದಾರಿಯಲ್ಲೇ ಸುಮಾರು 14,000 ಕಿ.ಮೀ. ಗೋಡೆಯ ಮ್ಯಾಪ್ ನೋಡಿದರೆ ಈ ದಾರಿ ಅರ್ಥವಾಗಲ್ಲ. ಗ್ಲೋಬ್ ಮೇಲೆ ಎರಡೂ ಊರಿಗೆ ದಾರ ಹಿಡಿದು ಎಳೆಯಿರಿ, ಅದು ಉತ್ತರ ಧ್ರುವದ ಕಡೆಗೇ ಹೋಗುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಜೊತೆಗಿದ್ದ ಮಹಿಳಾ ಪೈಲಟ್‌ಗಳು ಆ ದಾರಿಯಲ್ಲೇ ತಂದರು. 9ರ ರಾತ್ರಿ ಅಲ್ಲಿ ಹೊರಟು, ಸುಮಾರು 17 ಗಂಟೆ ಹಾರಿ, ಇಲ್ಲಿ ಇಳಿದಾಗ 11ರ ನಸುಕು.

ಹಾಗಂತ ದೂರ ಕಡಿಮೆಯಾದರೆ ಹೊತ್ತೂ ಕಡಿಮೆ ಅಂತೇನಿಲ್ಲ. 2016ರಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗೋ ವಿಮಾನ ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲೆ ಹಾರಿತು. ದಾರಿ ಸುಮಾರು 15,300 ಕಿ.ಮೀ.ಗೆ ಬೆಳೆಯಿತು, ಆದರೂ ಹದಿನಾಲ್ಕೂವರೆ ಗಂಟೆಯಲ್ಲೇ ತಲುಪಿತು. ಭೂಮಿ ತಿರುಗುವ ದಿಕ್ಕಿನಲ್ಲೇ ಬೀಸುವ ಮೇಲಿನ ಗಾಳಿ ಹಿಂದಿನಿಂದ ತಳ್ಳಿದ್ದೇ ಕಾರಣ. ನಮ್ಮ ಕಡೆ ಬರುವಾಗ ಅದೇ ಗಾಳಿ ಎದುರಾಗಬಹುದು.

ಅಣ್ಣನಿಗೆ ಅವತ್ತು ನೇರ ವಿಮಾನ ಸಿಗಲಿಲ್ಲ. ಮಧ್ಯೆ ಒಂದು ಕಡೆ ಇಳಿದು ಹತ್ತಬೇಕಾಯಿತು. ಅವನ ಮನೆಯಿಂದ ಏರ್‌ಪೋರ್ಟು, ಅಲ್ಲಿ ಮೂರು ಗಂಟೆ ಮೊದಲೇ ಹಾಜರು, ಎರಡು ವಿಮಾನ, ಇಮಿಗ್ರೇಷನ್ ಕ್ಯೂ, ಕ್ಯಾಬು. ಬಾಗಿಲಿಂದ ಬಾಗಿಲಿಗೆ 29 ಗಂಟೆ! ಅದರಲ್ಲಿ ಕೊನೆಯದು, ಏರ್‌ಪೋರ್ಟಿಂದ ಇಲ್ಲಿಗೆ, ಮೂವತ್ತು ಕಿ.ಮೀ. ಕೂಡ ಇಲ್ಲ. ಹೆಬ್ಬಾಳದ ಫ್ಲೈಓವರ್ ಹತ್ತಿರ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಫೋನ್ ಮಾಡಿದ: "ಇಳಿದು ಓಡಿ ಬಂದುಬಿಡ್ಲಾ?"

ಅಪ್ಪ ಅವನನ್ನು ಗುರುತು ಹಿಡಿದರು. ಮಾತಾಡೋಕೆ ಆಗಲಿಲ್ಲ, ಕೈ ಹಿಡಿದುಕೊಂಡರು. ಮೂರು ದಿನ ಇದ್ದರು.

"ಮೂರು ದಿನ ಸಿಕ್ತಲ್ಲ" ಅಂತ ಅಮ್ಮ ಈಗಲೂ ಅನ್ನುತ್ತಾರೆ. ಆ ಮೂರು ದಿನ ಸಿಕ್ಕಿದ್ದು ಅಣ್ಣನ ಪಾಸ್‌ಪೋರ್ಟ್, ವೀಸಾ ಎಲ್ಲ ಸರಿಯಾಗಿದ್ದದ್ದಕ್ಕೆ, ರಾತ್ರೋರಾತ್ರಿ ಟಿಕೆಟ್ ತೆಗೆಯೋಕೆ ಕೈಯಲ್ಲಿ ದುಡ್ಡಿದ್ದದ್ದಕ್ಕೆ.

ನಿಮ್ಮ ಮನೆಯಲ್ಲೂ ಯಾರಾದರೂ ದೂರ ಇದ್ದರೆ ವಿಮಾನದ ಗಂಟೆ ಮಾತ್ರ ನೋಡಬೇಡಿ, ಬಾಗಿಲಿಂದ ಬಾಗಿಲಿಗೆ ಲೆಕ್ಕ ಹಾಕಿ. ಹೆಬ್ಬಾಳವನ್ನೂ ಸೇರಿಸಿಕೊಳ್ಳಿ.