ಗೆರೆಯೊಳಗಿನ ಬಣ್ಣ

ಲೋಕವು ಕೆಲವು ಕೆಲಸಗಳನ್ನು ಮಕ್ಕಳಿಗೆಂದೇ ಮೀಸಲಿಟ್ಟಿದೆ. ಮಳೆನೀರಿನಲ್ಲಿ ಕಾಗದದ ದೋಣಿಯನ್ನು ತೇಲಿಬಿಡುವುದು, ಮರಳಿನಲ್ಲಿ ಗುಬ್ಬಿಗೂಡು ಕಟ್ಟುವುದು, ಅಚ್ಚಾದ ಚಿತ್ರಕ್ಕೆ ಬಣ್ಣ ತುಂಬುವುದು, ಇಂಥವನ್ನು ಪ್ರಾಯಸ್ಥರು ಮಾಡಿದರೆ ಕಂಡವರು ನಗುವರು, ನಗದವರು ಮರುಕಪಡುವರು. ಆದುದರಿಂದ ಶಿವಮೊಗ್ಗೆಯ ಒಂದು ಮನೆಗೆ ಅಂಚೆಯಲ್ಲಿ ಬಣ್ಣ ತುಂಬುವ ಪುಸ್ತಕವೊಂದು ಬಂದಾಗ ಮನೆಯಾಕೆಗೂ ಮೊದಲು ಬಂದುದು ನಗುವೇ. ಆಕೆಗೆ ಅರುವತ್ತೆಂಟು ವರ್ಷ. ಮೂವತ್ತು ವರ್ಷಕಾಲ ಪ್ರಾಥಮಿಕ ಪಾಠಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದು, "ಗೆರೆ ದಾಟಬೇಡ" ಎಂಬ ಮಾತನ್ನು ಎಷ್ಟು ಸಾವಿರ ಸಲ ಆಡಿದ್ದರೋ ಲೆಕ್ಕವಿಲ್ಲ. ಬೆಂಗಳೂರಿನಿಂದ ಮಗಳು ಕಳುಹಿಸಿದ್ದ ಆ ಪುಸ್ತಕದ ಹೊದಿಕೆಯ ಮೇಲೆ "ದೊಡ್ಡವರಿಗಾಗಿ" ಎಂದು ಅಚ್ಚಾಗಿತ್ತು. ದೊಡ್ಡವರಿಗೂ ಇಂಥ ದುರ್ಗತಿ ಬಂದಿತೇ ಎಂದು ಆಕೆ ಅದನ್ನು ಕಪಾಟಿನ ಮೇಲಿಟ್ಟರು.

ಆ ಮನೆಯಲ್ಲಿ ನಗುವಿಗೆ ಕಾರಣಗಳು ಹೆಚ್ಚಿರಲಿಲ್ಲ. ಯಜಮಾನರು ಭೂಮಾಪನದ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದು ನಿವೃತ್ತರಾದವರು. ಹಿಂದಿನ ವರ್ಷ ಪಾರ್ಶ್ವವಾಯು ಬಡಿದು ಬಲಗೈ ಹೋಯಿತು. ಮಾತಿನಲ್ಲಿ ಹತ್ತು ಹನ್ನೆರಡು ಉಳಿದು ಮಿಕ್ಕುವು ನಾಲಗೆಗೆ ಎಟುಕದೆ ಹೋದುವು. ಹಗಲು ಹೇಗೋ ಕಳೆಯುವುದು. ಔಷಧ, ಊಟ, ಸ್ನಾನ, ಬಂದುಹೋಗುವವರು. ಕಷ್ಟವಾದುದು ಸಂಜೆ. ದೀಪ ಹತ್ತಿಸಿದ ಮೇಲೆ ಮಲಗುವ ಹೊತ್ತಿನವರೆಗಿನ ಮೂರು ಗಂಟೆಗಳಲ್ಲಿ ಇಬ್ಬರೂ ಎದುರುಬದುರಾಗಿ ಕುಳಿತು, ಒಬ್ಬರು ಆಡಲಾರದ ಮಾತನ್ನು ಮತ್ತೊಬ್ಬರು ಕಾಯುತ್ತಿದ್ದರು. ಆಕೆ ಪುಸ್ತಕ ಹಿಡಿದರೆ ಒಂದು ಪುಟವನ್ನು ನಾಲ್ಕು ಸಲ ಓದಬೇಕಾಗುತ್ತಿತ್ತು. ಒಂದು ಸಂಜೆ, ಬೇರೇನೂ ತೋಚದೆ, ಕಪಾಟಿನ ಮೇಲಿದ್ದುದನ್ನು ಇಳಿಸಿದರು.

ಮೊದಲನೆಯ ಪ್ರಯತ್ನವು ಸಂಪೂರ್ಣವಾಗಿ ಕೆಟ್ಟಿತು. ಮೊಮ್ಮಗನು ರಜೆಯಲ್ಲಿ ಬಿಟ್ಟುಹೋಗಿದ್ದ ಸ್ಕೆಚ್ ಪೆನ್ನುಗಳಿಂದ ಆಕೆ ಒಂದು ಹೂವಿನ ಬಳ್ಳಿಯನ್ನು ತುಂಬಿದರು. ಪುಟ ತಿರುವಿದಾಗ, ಹಿಂಬದಿಯಲ್ಲಿ ಅಚ್ಚಾಗಿದ್ದ ನವಿಲಿನ ಮೈಮೇಲೆಲ್ಲ ಶಾಯಿ ಇಳಿದು, ಅದು ಕಜ್ಜಿ ಹಿಡಿದ ಕೋಳಿಯಂತೆ ಕಾಣುತ್ತಿತ್ತು. ತಪ್ಪು ಪೆನ್ನಿನದಲ್ಲ, ಕಾಗದದ್ದು; ಕಾಗದದ್ದೂ ಅಲ್ಲ, ಎರಡನ್ನೂ ಕೂಡಿಸಿದವರದು. ಉಪಾಧ್ಯಾಯವೃತ್ತಿಯಲ್ಲಿ ಜೀವ ಸವೆಸಿದವರಿಗೆ ತಪ್ಪಿನ ಕಾರಣವನ್ನು ತಿಳಿಯದೆ ನಿದ್ರೆ ಬರುವುದಿಲ್ಲ. ಆಕೆ ಈ ವಿಷಯವನ್ನು ಕ್ರಮವಾಗಿ ಕಲಿಯತೊಡಗಿದರು.

ಕಲಿಯುತ್ತ ಹೋದಂತೆ, ಈ ವಿನೋದವು ತಾನು ಎಣಿಸಿದಷ್ಟು ಹೊಸತೂ ಅಲ್ಲ, ಬಾಲಿಶವೂ ಅಲ್ಲವೆಂದು ಆಕೆಗೆ ಗೊತ್ತಾಯಿತು. ೧೭೬೦ರ ಸುಮಾರಿನಲ್ಲಿಯೇ ಲಂಡನ್ನಿನ ರಾಬರ್ಟ್ ಸೇಯರ್ ಎಂಬ ಪ್ರಕಾಶಕನು 'ದಿ ಫ್ಲೋರಿಸ್ಟ್' ಎಂಬ ಹೆಸರಿನಲ್ಲಿ ಹೂಗಳ ಗೆರೆಚಿತ್ರಗಳನ್ನು ಅಚ್ಚುಹಾಕಿ ಮಾರಿದ್ದನು. ಅದನ್ನು ಕೊಂಡು ಬಣ್ಣ ಹಾಕಿದವರು ಮಕ್ಕಳಲ್ಲ, ಅನುಕೂಲಸ್ಥ ಮನೆತನಗಳ ಹಿರಿಯರು. ಮಕ್ಕಳ ಪುಸ್ತಕವಾಗಿ ಇದು ಮನೆಮನೆಗೆ ಹೋದುದು ೧೮೮೦ರ ಆಸುಪಾಸಿನಲ್ಲಿ ನ್ಯೂಯಾರ್ಕಿನ ಮಕ್‌ಲಾಫ್ಲಿನ್ ಸಹೋದರರ ಅಚ್ಚುಕೂಟದಿಂದ. ೧೯೬೧ರಲ್ಲಿ ಅಮೆರಿಕದಲ್ಲಿ ದೊಡ್ಡವರ ಪುಸ್ತಕವೊಂದು ಮತ್ತೆ ಹೊರಬಂದಿತಾದರೂ ಅದು ಕಚೇರಿಯ ಅಧಿಕಾರಿಗಳನ್ನು ಗೇಲಿಮಾಡುವ ಹಾಸ್ಯವಾಗಿತ್ತು. ಈಗಿನ ಹುರುಪಿಗೆ ಮೂಲ ಸ್ಕಾಟ್ಲೆಂಡಿನ ಚಿತ್ರಗಾರ್ತಿ ಜೊಹಾನ ಬ್ಯಾಸ್‌ಫರ್ಡ್. ಮಕ್ಕಳಿಗೊಂದು ಪುಸ್ತಕ ಬರೆದುಕೊಡೆಂದು ಪ್ರಕಾಶಕರು ಕೇಳಿದಾಗ, ದೊಡ್ಡವರಿಗೆ ಬರೆಯುವೆನೆಂದು ಆಕೆ ಪಟ್ಟುಹಿಡಿದಳು. ೨೦೧೩ರಲ್ಲಿ ಪ್ರಕಟವಾದ 'ಸೀಕ್ರೆಟ್ ಗಾರ್ಡನ್' ಎಂಬ ಆ ಪುಸ್ತಕವು ದಶಲಕ್ಷಗಟ್ಟಲೆ ಪ್ರತಿಗಳಲ್ಲಿ ಮಾರಾಟವಾಯಿತು. ೨೦೧೬ರ ಹೊತ್ತಿಗೆ ಜರ್ಮನಿಯ ಫೇಬರ್-ಕ್ಯಾಸ್ಟೆಲ್ ಕಾರ್ಖಾನೆಯು ಬಣ್ಣದ ಪೆನ್ಸಿಲುಗಳ ಬೇಡಿಕೆಯನ್ನು ತೀರಿಸಲು ಹೆಚ್ಚಿನ ಪಾಳಿಗಳನ್ನು ನಡೆಸಬೇಕಾಯಿತು. ೧೭೬೧ರಿಂದ ಪೆನ್ಸಿಲು ಮಾಡುತ್ತಿರುವ ಮನೆತನಕ್ಕೆ ಇದು ಹೊಸ ಅನುಭವವೇ ಇದ್ದಿರಬೇಕು.

ಪುಸ್ತಕವನ್ನು ಆರಿಸುವುದರಲ್ಲಿ ಆಕೆ ಕಂಡುಕೊಂಡ ಮೊದಲನೆಯ ನಿಯಮ, ಚಿತ್ರವನ್ನು ನೋಡುವ ಮೊದಲು ಕಾಗದವನ್ನು ಮುಟ್ಟಿನೋಡತಕ್ಕದ್ದು ಎಂಬುದು. ಕಾಗದದ ದಪ್ಪವನ್ನು ಒಂದು ಚದರ ಮೀಟರಿಗೆ ಇಷ್ಟು ಗ್ರಾಮೆಂದು ತೂಕದಿಂದ ಹೇಳುವುದು ವಾಡಿಕೆ. ಕಚೇರಿಗಳಲ್ಲಿ ಬಳಸುವ ಸಾಮಾನ್ಯ ಕಾಗದ ೭೦ ಅಥವಾ ೮೦ ಗ್ರಾಮಿನದು. ಬಣ್ಣದ ಪೆನ್ಸಿಲಿಗೆ ೧೨೦ಕ್ಕೆ ಕಡಿಮೆಯಿಲ್ಲದಿದ್ದರೆ ಲೇಸು. ನೀರುಬಣ್ಣಕ್ಕಾದರೋ ೩೦೦ ಗ್ರಾಮಿನ ಕಾಗದವೇ ಬೇಕು. ಕಾಗದವು ಗಾಜಿನಂತೆ ನುಣುಪಾಗಿದ್ದರೆ ಪೆನ್ಸಿಲಿನ ಬಣ್ಣ ಹಿಡಿಯುವುದಿಲ್ಲ. ಬೆರಳಿಗೆ ತುಸು ತರಿತರಿಯೆನಿಸಬೇಕು. ಚಿತ್ರವು ಹಾಳೆಯ ಒಂದೇ ಮಗ್ಗುಲಿನಲ್ಲಿರಬೇಕು. ಇದನ್ನು ನವಿಲೇ ಕಲಿಸಿತ್ತು. ಪುಸ್ತಕವು ತೆರೆದಿಟ್ಟರೆ ಮೇಜಿನ ಮೇಲೆ ಚಪ್ಪಟೆಯಾಗಿ ಮಲಗಬೇಕು, ಇಲ್ಲವೆ ಹಾಳೆಗಳನ್ನು ಬಿಡಿಸಿಕೊಳ್ಳುವಂತಿರಬೇಕು. ಇಲ್ಲದಿದ್ದರೆ ಹೊಲಿಗೆಯ ಪಕ್ಕದ ಚಿತ್ರ ಕೈಗೆ ಸಿಕ್ಕುವುದಿಲ್ಲ. ಇವೆಲ್ಲಕ್ಕೂ ಮಿಗಿಲಾಗಿ, ತನ್ನ ಕಣ್ಣಿಗೂ ಕೈಗೂ ತಕ್ಕ ಚಿತ್ರವಾಗಿರಬೇಕು. ಸಾಸಿವೆಯಷ್ಟು ಎಲೆಗಳು ತುಂಬಿದ ಪುಟವು ಅಂಗಡಿಯಲ್ಲಿ ಮನೋಹರವಾಗಿ ಕಂಡರೂ ಮನೆಯಲ್ಲಿ ಅದೊಂದು ಶಿಕ್ಷೆ. ವಿಶ್ರಾಂತಿಗೆಂದು ತಂದುದು ಋಣವಾಗಬಾರದು.

ಪೆನ್ಸಿಲುಗಳ ಲೋಕವೋ ಮತ್ತೂ ವಿಸ್ತಾರವಾದುದು. ಬಣ್ಣದ ಪುಡಿಯನ್ನು ಮೇಣದೊಡನೆ ಕೂಡಿಸಿ ಮಾಡಿದವು ಒಂದು ಜಾತಿ. ಅಮೆರಿಕದಲ್ಲಿ ೧೯೩೮ರಲ್ಲಿ ಬಂದ ಪ್ರಿಸ್ಮಕಲರ್ ಈ ಬಗೆಯದು. ಇವು ಮೆತ್ತಗಿದ್ದು ಬಲವಿಲ್ಲದ ಕೈಗೂ ದಟ್ಟವಾದ ಬಣ್ಣವನ್ನು ಕೊಡುವುವು. ಆದರೆ ನೆಲಕ್ಕೆ ಬಿದ್ದರೆ ಒಳಗಿನ ಕಡ್ಡಿ ಮುರಿದು, ಹೆರೆದಷ್ಟೂ ಉದುರುವುದು. ಒತ್ತಿ ಹಚ್ಚಿದ ಕಡೆ ಕೆಲವು ದಿನಗಳ ಮೇಲೆ ಮೇಣವು ಬೆಳ್ಳಗೆ ಮೇಲೆದ್ದರೆ ಮೆತ್ತನೆಯ ಬಟ್ಟೆಯಿಂದ ಒರಸಬೇಕು. ಎಣ್ಣೆಯೊಡನೆ ಕೂಡಿಸಿದವು ಎರಡನೆಯ ಜಾತಿ. ೧೯೦೮ರಲ್ಲಿ ಮೊದಲು ಬಂದು ಈಗ ೧೨೦ ಬಣ್ಣಗಳಲ್ಲಿ ಸಿಗುವ ಪಾಲಿಕ್ರೋಮಸ್ ಇವುಗಳಲ್ಲಿ ಹೆಸರಾದುದು. ಇವು ತುಸು ಗಟ್ಟಿ. ಮೊನೆ ಬಹಳ ಹೊತ್ತು ನಿಲ್ಲುವುದರಿಂದ ಸಣ್ಣ ಗೆರೆಗಳಿಗೆ ಅನುಕೂಲ. ಮೂರನೆಯವು ನೀರಿನಲ್ಲಿ ಕರಗತಕ್ಕವು. ಜಿನೀವದ ಕಾರಾನ್ ದಾಷ್ ಸಂಸ್ಥೆಯು ೧೯೩೧ರಲ್ಲಿ ಇಂಥವನ್ನು ಹೊರತಂದಿತು. ಹಚ್ಚಿದ ಮೇಲೆ ಒದ್ದೆ ಕುಂಚವನ್ನಾಡಿಸಿದರೆ ನೀರುಬಣ್ಣವಾಗುವುದು. ಅದೇ ೧೯೩೧ರಲ್ಲಿ ಮುಂಬಯಿಯಲ್ಲಿ ಶಾಯಿ ಮಾಡುವುದರಿಂದ ಆರಂಭವಾಗಿ ಒಂಟೆಯ ಗುರುತಿನಿಂದ ಪ್ರಸಿದ್ಧವಾದ ದಂಡೇಕರರ ಉದ್ಯಮದ ಬಣ್ಣಗಳನ್ನೇ ಬಳಸಿ ಆಕೆಯ ಶಾಲೆಯ ಮಕ್ಕಳು ಬೆಳೆದಿದ್ದರು. ಅಭ್ಯಾಸಕ್ಕೆ ಅವು ಸಾಲವೆಂದು ಹೇಳುವವರು ದುಡ್ಡಿನ ಬೆಲೆಯನ್ನು ಅರಿಯದವರು.

ನೂರಿಪ್ಪತ್ತು ಬಣ್ಣಗಳ ಪೆಟ್ಟಿಗೆಯನ್ನು ಕಂಡು ಮೋಹಗೊಳ್ಳದವರಿಲ್ಲ. ಆದರೆ ಒಳ್ಳೆಯ ಜಾತಿಯ ಇಪ್ಪತ್ತನಾಲ್ಕು, ಸಾಧಾರಣವಾದ ನೂರಕ್ಕಿಂತ ಮೇಲೆಂಬುದು ಆಕೆಯ ತೀರ್ಮಾನ. ಹಗುರವಾಗಿ ಒಂದರ ಮೇಲೊಂದು ಪದರ ಹಚ್ಚುತ್ತ ಹೋದರೆ ಹಳದಿ ನೀಲಿಗಳು ತಾವೇ ಕೂಡಿ ಹಸಿರನ್ನು ಹೆರುವುವು. ತಿಳಿಬಣ್ಣದಿಂದ ಹೊರಟು ಗಾಢಕ್ಕೆ ಹೋಗಬೇಕು. ಮೊದಲೇ ಒತ್ತಿದರೆ ಕಾಗದದ ಮೈ ಮುಚ್ಚಿಹೋಗಿ ಮುಂದಿನ ಬಣ್ಣಕ್ಕೆ ಇಂಬಿರುವುದಿಲ್ಲ. ಅಂಗೈಯ ಕೆಳಗೊಂದು ಬಿಳಿಯ ಹಾಳೆ, ಪಕ್ಕದಲ್ಲಿ ಬಣ್ಣವನ್ನು ಪರೀಕ್ಷಿಸುವುದಕ್ಕೊಂದು ಚೂರು ಕಾಗದ, ಹರಿತವಾದ ಹೆರೆಯುವ ಯಂತ್ರ, ಇಷ್ಟಾದರೆ ಸಾಕು. ಉಳಿದುದು ವ್ಯಾಪಾರ.

ಆಕೆಯೊಡನೆ ಕೆಲಸ ಮಾಡಿದ್ದ ಚಿತ್ರಕಲೆಯ ಉಪಾಧ್ಯಾಯರೊಬ್ಬರು ಕ್ಷೇಮಸಮಾಚಾರಕ್ಕೆ ಬಂದವರು ಪುಸ್ತಕವನ್ನು ಕಂಡು ಹುಬ್ಬುಗಂಟಿಕ್ಕಿದರು. ಅವರ ಆಕ್ಷೇಪಣೆ ನಿರಾಧಾರವಾದುದಲ್ಲ. ಆಸ್ಟ್ರಿಯದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ವಿಕ್ಟರ್ ಲೋವೆನ್‌ಫೆಲ್ಡ್ ಎಂಬ ಶಿಕ್ಷಣಶಾಸ್ತ್ರಜ್ಞರು ೧೯೪೭ರ ತಮ್ಮ ಗ್ರಂಥದಲ್ಲಿ, ಪರರ ಗೆರೆಗೆ ಬಣ್ಣ ತುಂಬಿದ ಮಗು ತನ್ನ ಗೆರೆಯ ಮೇಲಿನ ನಂಬಿಕೆಯನ್ನೇ ಕಳೆದುಕೊಳ್ಳುವುದೆಂದು ವಾದಿಸಿದ್ದಾರೆ. ಆಕೆ ಒಡನೆ ಉತ್ತರ ಕೊಡಲಿಲ್ಲ. ಮರುದಿನ ಬೆಳಗ್ಗೆ ಬಾಗಿಲಿಗೆ ರಂಗವಲ್ಲಿ ಇಡುವಾಗ ಉತ್ತರ ಹೊಳೆಯಿತು. ಆ ಚುಕ್ಕಿಗಳ ಲೆಕ್ಕವನ್ನು ಆಕೆ ಕಂಡುಹಿಡಿದುದಲ್ಲ. ತಾಯಿಯಿಂದ ಬಂದುದು, ತಾಯಿಗೆ ಅವಳ ತಾಯಿಯಿಂದ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಯ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿಗಳಿಂದ ಪುಂಡಿನಾರಿನ ಕುಂಚ ಹಿಡಿದು ಬರೆಯುವ ಹಸೆಚಿತ್ತಾರದ ಗೆರೆಗಳೂ ಹಿರಿಯರಿಂದ ಬಂದುವೇ. ಪುರಂದರದಾಸರ ಪದವನ್ನು ಹಾಡುವವರು ಪದವನ್ನು ಕಟ್ಟಿದವರಲ್ಲ. ಹಾಗೆಂದು ಹಾಡು ಅವರದಲ್ಲವೆನ್ನುವವರುಂಟೇ? ಮಗುವಿಗೆ ಲೋವೆನ್‌ಫೆಲ್ಡರ ಮಾತು ಸಲ್ಲಬಹುದು. ಸ್ವಂತ ಗೆರೆಯನ್ನೆಳೆದು ಎಳೆದು ದಣಿದವರಿಗೆ ಇನ್ನೊಬ್ಬರು ಎಳೆದುಕೊಟ್ಟ ಗೆರೆಯು ಊರುಗೋಲಿನಂತೆ.

ಈ ಊರುಗೋಲಿನ ಬಲವೆಷ್ಟೆಂಬುದನ್ನು ಪರೀಕ್ಷಿಸಿದವರೂ ಇದ್ದಾರೆ. ೨೦೦೫ರಲ್ಲಿ ಅಮೆರಿಕದ ಕರಿ ಮತ್ತು ಕ್ಯಾಸರ್ ಎಂಬ ಸಂಶೋಧಕರು ೮೪ ಮಂದಿ ವಿದ್ಯಾರ್ಥಿಗಳಲ್ಲಿ ಮೊದಲು ಕಳವಳವನ್ನು ಹುಟ್ಟಿಸಿ, ಕೆಲವರಿಗೆ ಮಂಡಲದ ಚಿತ್ರವನ್ನೂ, ಕೆಲವರಿಗೆ ಚೌಕಳಿಯ ಚಿತ್ರವನ್ನೂ, ಕೆಲವರಿಗೆ ಬರಿಯ ಹಾಳೆಯನ್ನೂ ಕೊಟ್ಟು ಬಣ್ಣ ಹಾಕಿಸಿದರು. ಗೆರೆಗಳುಳ್ಳ ಚಿತ್ರ ಸಿಕ್ಕಿದವರ ಕಳವಳವು ಬರಿಯ ಹಾಳೆ ಸಿಕ್ಕಿದವರದಕ್ಕಿಂತ ಹೆಚ್ಚಾಗಿ ಇಳಿಯಿತು. ಇದು ಇಪ್ಪತ್ತು ನಿಮಿಷದ ಮಾತು. ಚಿಕಿತ್ಸೆಯೆಂದು ಇದನ್ನು ಕರೆಯಲು ಆ ಶಾಸ್ತ್ರದವರೇ ಒಪ್ಪುವುದಿಲ್ಲ. ಆಕೆಯೂ ಅಷ್ಟನ್ನೇನೂ ಬಯಸಿರಲಿಲ್ಲ. ಇಪ್ಪತ್ತು ನಿಮಿಷ ಬೇರೆ ಚಿಂತೆಯಿಲ್ಲದೆ ಕಳೆದರೆ ಆ ಮನೆಯಲ್ಲಿ ಅದೇ ದೊಡ್ಡ ಲಾಭವಾಗಿತ್ತು.

ಹೀಗಿರಲು ಒಂದು ಸಂಜೆ ಆಕೆ ಕೊಳದ ಚಿತ್ರವೊಂದನ್ನು ತುಂಬುತ್ತಿದ್ದರು. ಸೂರ್ಯಾಸ್ತದ ಕಲ್ಪನೆಯಿಂದ ನೀರಿಗೆ ನಸುಗೆಂಪನ್ನು ಹಚ್ಚಿದರು. ಎದುರಿನ ಕುರ್ಚಿಯಲ್ಲಿದ್ದವರು ಎಡಗೈಯನ್ನು ಮುಂದೆ ಚಾಚಿ, ಪೆಟ್ಟಿಗೆಯಲ್ಲಿದ್ದ ನೀಲಿಯ ಪೆನ್ಸಿಲನ್ನು ಬೆರಳಿನಿಂದ ತಟ್ಟಿದರು. ಆಕೆಗೆ ತಿಳಿಯಲಿಲ್ಲ. ಮತ್ತೆ ತಟ್ಟಿದರು, ಈ ಸಲ ಕೋಪದಿಂದ. ಆಗ ನೆನಪಾಯಿತು. ಸರ್ಕಾರದ ಸ್ಥಳಾಕೃತಿ ನಕ್ಷೆಗಳಲ್ಲಿ ನೀರಿಗೆ ನೀಲಿ, ಸಾಗುವಳಿಗೆ ಹಳದಿ, ಕಾಡಿಗೆ ಹಸಿರು, ವಸತಿಗೆ ಕೆಂಪು, ಎತ್ತರದ ಗೆರೆಗೆ ಕಂದು ಎಂದು ಕಟ್ಟಳೆಯುಂಟು; ಮೂವತ್ತೈದು ವರ್ಷ ಆ ಕಟ್ಟಳೆಯನ್ನು ಕಾಯ್ದವರ ಕಣ್ಣೆದುರಿನಲ್ಲಿ ಆಕೆ ಕೆರೆಗೆ ಗುಲಾಬಿಯನ್ನು ಹಚ್ಚಿದ್ದರು.

ಮರುವಾರ ಆಕೆ ಎರಡನೆಯ ಪುಸ್ತಕವನ್ನು ತರಿಸಿದರು. ಈ ಸಲ ತಮಗಲ್ಲ. ಅಂಗೈಯಗಲದ ಆಕಾರಗಳು, ದಪ್ಪನಾದ ಗೆರೆ, ಹೊಲ ಗುಡ್ಡ ಕೆರೆಗಳ ಚಿತ್ರ. ಒಂದೇ ಕೈಯವರು ಹಾಳೆಯನ್ನು ಅದುಮಿ ಹಿಡಿಯಲಾರರಾದುದರಿಂದ ಅದನ್ನು ಬಿಡಿಸಿ ಹಲಗೆಗೆ ಅಂಟಿನ ಪಟ್ಟಿಯಿಂದ ಬಿಗಿದರು. ಪೆನ್ಸಿಲು ಮೇಣದ ಜಾತಿಯದು, ದಪ್ಪ, ಉರುಳದಂತೆ ಮೂರು ಮೂಲೆಯದು. ಅವರು ಅದನ್ನು ಎಡಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಒಮ್ಮೆ ಕೆಳಗಿಟ್ಟರು. ಕೂದಲೆಳೆಯಷ್ಟು ತಪ್ಪಿದರೂ ನಕ್ಷೆಯನ್ನು ಹರಿದು ಬೇರೆ ಬರೆಯುತ್ತಿದ್ದವರಿಗೆ ಎಡಗೈಯ ಓಟ ಹೇಗೆ ಹೋಗುವುದೆಂಬುದು ಗೊತ್ತಿದ್ದಿತು. ಆಮೇಲೆ ಕೆರೆಯ ಮೇಲೆ ನೀಲಿಯನ್ನು ಎಳೆದರು. ಅದು ದಂಡೆಯನ್ನು ದಾಟಿ ಹೊಲದೊಳಕ್ಕೆ ನುಗ್ಗಿತು. ಅವರು ತಲೆಯೆತ್ತಿ ಹೆಂಡತಿಯ ಮುಖವನ್ನು ನೋಡಿದರು. ಮೂವತ್ತು ವರ್ಷ ಆಡಿ ರೂಢಿಯಾಗಿದ್ದ ಮಾತು ಆಕೆಯ ತುಟಿಗೆ ಬರಲಿಲ್ಲ. "ಮಳೆಗಾಲ, ಕೋಡಿ ಬಿದ್ದಿದೆ" ಎಂದರು. ಅವರಿಗೆ ನಗು ಬಂತು. ಅರ್ಧ ಮುಖದಲ್ಲಿ ಬಂದರೂ ಅದು ನಗುವೇ.

ಇದರಿಂದ ಪವಾಡವೇನೂ ನಡೆಯಲಿಲ್ಲ. ಬಲಗೈ ಮರಳಲಿಲ್ಲ, ಹತ್ತು ಹನ್ನೆರಡು ಮಾತು ಹದಿನೈದಾಗಲಿಲ್ಲ. ಆದರೆ ದೀಪ ಹತ್ತಿಸಿದ ಮೇಲೆ ಮೇಜಿನ ಎರಡು ಬದಿಗೂ ಕೆಲಸವಿದೆ. ಆಕೆ ಹೂವನ್ನು ತುಂಬುತ್ತಾರೆ. ಅವರು ಸಾಗುವಳಿಗೆ ಹಳದಿ, ಕಾಡಿಗೆ ಹಸಿರು, ಕಟ್ಟಳೆ ತಪ್ಪದೆ ಹಚ್ಚುತ್ತಾರೆ. ಗೆರೆ ದಾಟುವುದು ಉಂಟು, ಬಣ್ಣ ತಪ್ಪುವುದಿಲ್ಲ.

ಮೊನ್ನೆ ಮಗಳು ದೂರವಾಣಿಯಲ್ಲಿ, ಹಬ್ಬಕ್ಕೆ ಬರುವಾಗ ಎಪ್ಪತ್ತೆರಡು ಬಣ್ಣಗಳ ದೊಡ್ಡ ಪೆಟ್ಟಿಗೆಯನ್ನು ತರಲೇ ಎಂದು ಕೇಳಿದಳು. ಆಕೆ ಬೇಡವೆಂದರು. ಒಳ್ಳೆಯ ಜಾತಿಯ ಪೆನ್ಸಿಲುಗಳನ್ನು ಬಿಡಿಬಿಡಿಯಾಗಿಯೂ ಮಾರುತ್ತಾರೆಂದು ಆಕೆ ಈಗ ಬಲ್ಲರು. "ನೀಲಿ ನಾಲ್ಕು ತಾ," ಎಂದರು. "ಇಲ್ಲಿ ನೀರು ಬಹಳ ಖರ್ಚಾಗುತ್ತದೆ."