ಬಿ.ಎಡ್ ಡೈರಿ 4: ಉಲ್ಟಾ ಯಾಕೆ ಮಿಸ್?

ಏಳನೇ ಕ್ಲಾಸು, ಭಿನ್ನರಾಶಿ ಭಾಗಾಕಾರ. ಬೋರ್ಡ್ ಮೇಲೆ 3 ÷ ¾ ಬರೆದು, "ಎರಡನೇದನ್ನ ಉಲ್ಟಾ ಮಾಡಿ ಗುಣಿಸಿ, ಅಷ್ಟೇ" ಅಂದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಉಲ್ಟಾ ಯಾಕೆ ಮಿಸ್?"

ನಿಜ ಹೇಳ್ಲಾ? ನಂಗೇ ಗೊತ್ತಿರ್ಲಿಲ್ಲ. "ಅದು ರೂಲ್, ಕೂತ್ಕೋ" ಅಂದ್ಬಿಟ್ಟೆ. ಆಮೇಲೆ ಅವಳು ಬಾಯೇ ಬಿಡಲಿಲ್ಲ.

ರಾತ್ರಿ ಅಜ್ಜಿ ಪಾವಿನಲ್ಲಿ ಅಕ್ಕಿ ಅಳೀತಿದ್ರು. ಆಗ ಹೊಳೀತು ನೋಡಿ. ಒಂದು ಸೇರಿಗೆ 4 ಪಾವು. 3 ಸೇರಂದ್ರೆ 12 ಪಾವು, ಅಂದ್ರೆ 4ರಿಂದ ಗುಣಿಸಿದ್ವಿ. ದಿನಕ್ಕೆ ಮುಕ್ಕಾಲು ಸೇರು, ಅಂದ್ರೆ 3 ಪಾವು ಬೇಕು. 12ನ್ನು 3ರಿಂದ ಭಾಗಿಸಿದ್ರೆ 4 ದಿನ. ಮೊದಲು 4ರಿಂದ ಗುಣಾಕಾರ, ಆಮೇಲೆ 3ರಿಂದ ಭಾಗಾಕಾರ. ¾ ಉಲ್ಟಾ ಆಗಿ 4/3 ಆಗೋದು ಇದಕ್ಕೇ!

ಮಾರನೇ ದಿನ ಪಾವು, 3 ಸೇರು ಅಕ್ಕಿ ಹೊತ್ಕೊಂಡು ಹೋದೆ. "ನಿನ್ನೆ ನಂಗೆ ಉತ್ತರ ಗೊತ್ತಿರ್ಲಿಲ್ಲ" ಅಂತ ಎಲ್ಲರ ಮುಂದೆ ಹೇಳಿ, ಅವಳ ಕೈಲೇ ಅಳೆಸಿದೆ. ಮೂರು ಮೂರು ಪಾವಿನ ನಾಲ್ಕು ಗುಡ್ಡೆ, ಚೀಲ ಖಾಲಿ.

"ಮಿಸ್, ದಿನಕ್ಕೆ ಒಂದೂವರೆ ಸೇರಾದ್ರೆ?" ಅಂದ್ಲು. ಮತ್ತೆ ಪ್ರಶ್ನೆ! ನಂಗೆ ಅಷ್ಟು ಸಾಕಾಯ್ತು.

"ಅದು ರೂಲ್" ಅಂತ ನಿಮ್ಮನ್ನ ಕೂರಿಸಿದ ಪ್ರಶ್ನೆ ಯಾವುದು? ಕಮೆಂಟ್‌ನಲ್ಲಿ ಹಾಕಿ, ಒಟ್ಟಿಗೆ ಹುಡುಕೋಣ.